ಕೊಲ್ಲಲು ಬಂದವನು ಕೈಹಿಡಿದ ಕಥೆ

ಹಣಕ್ಕಾಗಿ ಹೆಣ್ಣನ್ನು ವರಿಸುವ ಗಂಡಿನ ಕಥೆ ನಮಗೆ ಹೊಸದೇನೂ ಅಲ್ಲ. ನೆಂಟಸ್ತಿಕೆಯ ಮಾತುಕತೆಯಲ್ಲಿ ಹುಡುಗಿಯ ಗುಣಸ್ವಭಾವ ವಿಚಾರಿಸುವುದಕ್ಕೂ ಮೊದಲು ಆಕೆಯ ತಂದೆಯ ತೋಟ ಎಷ್ಟು ಎಕರೆ ಎಂದು ವಿಚಾರಿಸುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಆಸ್ತಿಗಾಗಿ ಮದುವೆಯಾಗಿ, ತರುವಾಯ ಪತ್ನಿಯನ್ನು ಮುಗಿಸಿಬಿಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡ ವರನೊಬ್ಬನ ಕಥೆಯನ್ನು ನಗುನಗುತ್ತಾ ನೋಡಲು ಸಾಧ್ಯವೇ? ಅದಕ್ಕಿಂತಲೂ ಮಿಗಿಲಾಗಿ, ಅಂತಹ ಕಥೆಯ ಕೊನೆಗೆ ನಮ್ಮ ಕಣ್ಣು ಒದ್ದೆಯಾಗುವುದು ಸಾಧ್ಯವೇ?

ಸಾಧ್ಯ ಎಂದು ತೋರಿಸಿಕೊಟ್ಟವಳು ಅಮೆರಿಕದ ನಟಿ ಎಲೇನ್ ಮೇ. 1971ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ತೆರೆಕಂಡ 'ಎ ನ್ಯೂ ಲೀಫ್' ಆಕೆ ನಿರ್ದೇಶಿಸಿದ ಮೊತ್ತಮೊದಲ ಚಲನಚಿತ್ರ. ಚಿತ್ರಕಥೆಯನ್ನು ಬರೆದವಳೂ ಆಕೆಯೇ, ನಾಯಕಿಯ ಪಾತ್ರವನ್ನು ಧರಿಸಿದವಳೂ ಆಕೆಯೇ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅದರಿಂದ ತನ್ನ ಹೆಸರನ್ನು ತೆಗೆದುಹಾಕಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದವಳೂ ಆಕೆಯೇ ಎಂಬುದು ಈ ವೃತ್ತಾಂತದ ವಿಚಿತ್ರ ಭಾಗ. ಅದು ಹೇಗೆ ಸಂಭವಿಸಿತು, ಮತ್ತು ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ಇಲ್ಲಿ ನೋಡೋಣ.

ರಂಗದ ಮೇಲೆ ಬೆಳೆದ ಮಗು

ಎಲೇನ್ ಮೇ ಹುಟ್ಟಿದ್ದು 1932ರ ಏಪ್ರಿಲ್ 21ರಂದು, ಫಿಲಡೆಲ್ಫಿಯಾ ನಗರದ ಯೆಹೂದಿ ಕುಟುಂಬವೊಂದರಲ್ಲಿ. ತಂದೆ ಜಾಕ್ ಬರ್ಲಿನ್ ಯಿಡ್ಡಿಷ್ ಭಾಷೆಯ ರಂಗಭೂಮಿಯ ನಟ. ಊರೂರು ತಿರುಗುವ ನಾಟಕ ತಂಡದ ಜೊತೆಯಲ್ಲಿ ಪುಟ್ಟ ಎಲೇನ್ ಕೂಡ ಅಲೆದಳು, ತಂದೆಯೊಡನೆ ರಂಗದ ಮೇಲೂ ಕಾಣಿಸಿಕೊಂಡಳು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡ ಮೇಲೆ ತಾಯಿಯೊಡನೆ ಲಾಸ್ ಏಂಜಲೀಸ್ ಸೇರಿದಳು. ಶಾಲೆ ಆಕೆಗೆ ಹಿಡಿಸಲಿಲ್ಲ. ಹದಿನಾಲ್ಕನೆಯ ವಯಸ್ಸಿಗೇ ಬಿಟ್ಟಳು. ಹದಿನಾರಕ್ಕೆ ಮದುವೆ, ಅನತಿ ಕಾಲದಲ್ಲಿಯೇ ಕೈಯಲ್ಲೊಂದು ಹೆಣ್ಣುಮಗು. ಆ ದಾಂಪತ್ಯವೂ ಉಳಿಯಲಿಲ್ಲ.

ಇಷ್ಟು ಹೇಳಿದರೆ ಹಾಳಾಗಿ ಹೋದ ಜೀವನವೊಂದರ ಆರಂಭದಂತೆ ತೋರೀತು. ಆದರೆ ಆಕೆ ಷಿಕಾಗೋ ವಿಶ್ವವಿದ್ಯಾನಿಲಯದ ಹಾದಿ ಹಿಡಿದಳು. ಹೆಸರು ನೋಂದಾಯಿಸದೆಯೇ ತರಗತಿಗಳಲ್ಲಿ ಕುಳಿತು ಪಾಠ ಕೇಳಿದಳು. ಅಲ್ಲಿ ಪರಿಚಯವಾದ ಯುವಕ ಮೈಕ್ ನಿಕೋಲ್ಸ್. ನಾಜಿ ಜರ್ಮನಿಯಿಂದ ಬಾಲ್ಯದಲ್ಲಿ ಪಾರಾಗಿ ಬಂದ ಯೆಹೂದಿ ಹುಡುಗನಾತ. 1955ರಲ್ಲಿ ಷಿಕಾಗೋದಲ್ಲಿ ಆರಂಭವಾದ 'ಕಂಪಾಸ್ ಪ್ಲೇಯರ್ಸ್' ಎಂಬ ತಂಡದಲ್ಲಿ ಇಬ್ಬರೂ ಜೊತೆಯಾದರು. ಮೊದಲೇ ಬರೆದಿಟ್ಟ ಸಂಭಾಷಣೆಯಿಲ್ಲದೆ, ಸನ್ನಿವೇಶವೊಂದನ್ನು ಮಾತ್ರ ಆಯ್ದುಕೊಂಡು, ರಂಗದ ಮೇಲೆಯೇ ಮಾತು ಕಟ್ಟುತ್ತಾ ಹೋಗುವುದು ಆ ತಂಡದ ಪದ್ಧತಿ. ನಮ್ಮ ಕರಾವಳಿಯ ಯಕ್ಷಗಾನ ತಾಳಮದ್ದಲೆಯ ಅರ್ಥಧಾರಿಗಳು ಪ್ರಸಂಗದ ಚೌಕಟ್ಟಿನೊಳಗೆ ಮಾತಿಗೆ ಮಾತು ಬೆಳೆಸುವುದನ್ನು ಬಲ್ಲವರಿಗೆ ಈ ಕಲೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ.

ನಿಕೋಲ್ಸ್ ಮತ್ತು ಮೇ ಜೋಡಿ ಮುಂದೆ ನ್ಯೂಯಾರ್ಕಿಗೆ ಬಂದಿತು. 1960ರಲ್ಲಿ ಬ್ರಾಡ್‌ವೇ ರಂಗಮಂದಿರದಲ್ಲಿ ಇಬ್ಬರೇ ನಿಂತು ನಡೆಸಿಕೊಟ್ಟ ಕಾರ್ಯಕ್ರಮ ಮುನ್ನೂರಕ್ಕೂ ಹೆಚ್ಚು ಪ್ರದರ್ಶನಗಳನ್ನು ಕಂಡಿತು. ದೂರವಾಣಿಯಲ್ಲಿ ಮಗನನ್ನು ಗೋಳಾಡಿಸುವ ತಾಯಿಯಂತಹ ದಿನನಿತ್ಯದ ಸಂಗತಿಗಳೇ ಅವರ ಹಾಸ್ಯದ ಸಾಮಗ್ರಿ. ಕೀರ್ತಿಯ ಶಿಖರದಲ್ಲಿದ್ದಾಗಲೇ, 1961ರಲ್ಲಿ, ಜೋಡಿ ಬೇರ್ಪಟ್ಟಿತು. ನಿಕೋಲ್ಸ್ ಚಿತ್ರನಿರ್ದೇಶಕನಾದ, ಅವನ 1967ರ 'ದಿ ಗ್ರಾಜುಯೇಟ್' ಅವನಿಗೆ ಆಸ್ಕರ್ ಪ್ರಶಸ್ತಿಯನ್ನು ತಂದಿತು. ಅದೇ ವರ್ಷ ಎಲೇನ್ ಮೇ ಎರಡು ಚಿತ್ರಗಳಲ್ಲಿ ನಟಿಯಾಗಿ ಕಾಣಿಸಿಕೊಂಡಳು. ಜೊತೆಗಾರ ಏರಿದ ಎತ್ತರಕ್ಕೆ ಆಕೆಯನ್ನು ಕೈಹಿಡಿದು ಕರೆಯುವವರು ಆಗ ಇರಲಿಲ್ಲ.

ಬಾಗಿಲು ತೆರೆದ ಬಗೆ

ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳಲ್ಲಿ ಮಹಿಳೆಗೆ ನಿರ್ದೇಶನದ ಹೊಣೆ ದೊರಕುವುದು ಆ ದಿನಗಳಲ್ಲಿ ಅತಿ ವಿರಳ. ಡೊರೊಥಿ ಆರ್ಜ್ನರ್ 1943ರಲ್ಲಿ ನಿವೃತ್ತಳಾದ ಮೇಲೆ ಆ ಸಾಲಿನಲ್ಲಿ ಎದ್ದು ಕಾಣುವ ಹೆಸರು ಐಡಾ ಲುಪಿನೋ ಒಬ್ಬಳದೇ. ಆಕೆಯೂ ನಟಿಯಾಗಿದ್ದು ನಿರ್ದೇಶನಕ್ಕೆ ಬಂದವಳು. ಆಕೆ ನಿರ್ದೇಶಿಸಿದ ಕೊನೆಯ ಚಲನಚಿತ್ರ ನಮ್ಮ ಓದುಗರಲ್ಲಿ ಕೆಲವರಿಗಾದರೂ ನೆನಪಿದ್ದೀತು: ಧರ್ಮಭಗಿನಿಯರು ನಡೆಸುವ ವಸತಿಶಾಲೆಯೊಂದರ ತುಂಟ ಹುಡುಗಿಯರ ಕಥೆಯುಳ್ಳ, 1966ರ 'ದಿ ಟ್ರಬಲ್ ವಿತ್ ಏಂಜಲ್ಸ್'. ಮಠದ ಹಿರಿಯ ಭಗಿನಿಯಾಗಿ ರೋಸಲಿಂಡ್ ರಸೆಲ್ ಅಭಿನಯಿಸಿದ ಚಿತ್ರವದು. ಅದಾದ ಬಳಿಕ ದೊಡ್ಡ ಸಂಸ್ಥೆಯೊಂದರ ಚಿತ್ರವನ್ನು ನಿರ್ದೇಶಿಸಲು ನಿಂತ ಮಹಿಳೆ ಎಲೇನ್ ಮೇ.

ಆಕೆ ನಿರ್ದೇಶಕಿಯಾಗಬೇಕೆಂದು ಹಟ ಹಿಡಿದು ಹೊರಟವಳಲ್ಲ. ಜಾಕ್ ರಿಚಿ ಎಂಬ ಲೇಖಕನ ಸಣ್ಣಕಥೆಯೊಂದನ್ನು ಚಿತ್ರಕಥೆಯಾಗಿ ಹಿಗ್ಗಿಸಿದ್ದಳು. ಬರೆದುದನ್ನು ಯಾರು ನಿರ್ದೇಶಿಸಬೇಕೆಂಬ ವಿಷಯದಲ್ಲಿ ತನ್ನ ಮಾತೂ ನಡೆಯಬೇಕೆಂದು ಕೇಳಿದಳು. ಅದನ್ನು ಒಪ್ಪದ ಪ್ಯಾರಾಮೌಂಟ್ ಸಂಸ್ಥೆ, ಬೇಕಿದ್ದರೆ ನೀನೇ ನಿರ್ದೇಶಿಸು ಎಂದಿತು ಎಂದು ಆಕೆಯೇ ಮುಂದೆ ನೆನಪಿಸಿಕೊಂಡಿದ್ದಾಳೆ. ನಾಯಕಿಯ ಪಾತ್ರಕ್ಕೆ ಸಂಸ್ಥೆಯವರ ಮನಸ್ಸಿನಲ್ಲಿದ್ದವಳು ಕ್ಯಾರಲ್ ಚಾನಿಂಗ್ ಎಂಬ ಪ್ರಖ್ಯಾತ ನಟಿ. ಕೋಣೆಯೊಳಗೆ ಬಂದರೂ ಯಾರ ಕಣ್ಣಿಗೂ ಬೀಳದಂತಹ ಹೆಣ್ಣು ತನ್ನ ನಾಯಕಿ, ಪ್ರಖ್ಯಾತಳಾದವಳು ಹೇಗೆ ಹೊಂದಿಯಾಳು ಎಂಬುದು ಮೇಯ ವಾದ. ಕೊನೆಗೆ ಆ ಪಾತ್ರವೂ ಆಕೆಯ ಹೆಗಲಿಗೇ ಬಿತ್ತು. ಹೀಗೆ ಮೂರು ಹೊಣೆಗಳು ಒಂದೇ ತಲೆಯ ಮೇಲೆ ಬಂದು ಕುಳಿತವು. ಛಾಯಾಗ್ರಹಣದ ತಾಂತ್ರಿಕ ವಿವರಗಳು ಆಗ ತನಗೇನೂ ತಿಳಿದಿರಲಿಲ್ಲವೆಂದು ಆಕೆ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾಳೆ.

ಹೆನ್ರಿ ಮತ್ತು ಹೆನ್ರಿಯೆಟ್ಟಾ

ಕಥೆ ಸರಳ. ಹೆನ್ರಿ ಗ್ರಹಾಂ ನಡುವಯಸ್ಸಿನ ಅವಿವಾಹಿತ. ಪಿತ್ರಾರ್ಜಿತ ಸೊತ್ತಿನಿಂದ ಬರುತ್ತಿದ್ದ ಹಣದಲ್ಲಿ ದುಬಾರಿ ಕಾರು, ಉಡುಪು, ಕ್ಲಬ್ಬು ಎಂದು ಕಾಲ ಕಳೆದವನು. ಕೈಯಿಂದ ಒಂದು ಕೆಲಸವನ್ನೂ ಮಾಡಿದವನಲ್ಲ. ಒಂದು ದಿನ ವಕೀಲನ ಬಾಯಿಂದ ತಿಳಿಯುತ್ತದೆ: ಬಡ್ಡಿಯಷ್ಟೇ ಅಲ್ಲ, ಅಸಲೂ ಕರಗಿ ಹೋಗಿದೆ. ಈ ಪಾತ್ರವನ್ನು ವಹಿಸಿದವನು ವಾಲ್ಟರ್ ಮ್ಯಾಥ್ಯೂ. ಸೋರಿದ ಮುಖ, ಜೋಲುವ ಕೆನ್ನೆ, ಲೋಕದ ಮೇಲೆಲ್ಲ ತಾತ್ಸಾರ ತುಂಬಿದ ಕಣ್ಣು. ಹೆನ್ರಿಗೆ ಬಡತನವೆಂದರೆ ಮರಣಕ್ಕಿಂತಲೂ ಘೋರ.

ಮನೆಯ ಸೇವಕ ಹೆರಾಲ್ಡ್ ಸೂಚಿಸುವ ಏಕೈಕ ಮಾರ್ಗವೆಂದರೆ ಶ್ರೀಮಂತ ಹೆಣ್ಣೊಬ್ಬಳನ್ನು ಮದುವೆಯಾಗುವುದು. ಅದುವರೆಗೆ ಠೀವಿ ಉಳಿಸಿಕೊಳ್ಳಲು ಹೆನ್ರಿ ತನ್ನ ಚಿಕ್ಕಪ್ಪನಿಂದ 50,000 ಡಾಲರ್ ಸಾಲ ತರುತ್ತಾನೆ. ಗಡುವು ಆರು ವಾರ. ತಪ್ಪಿದರೆ ಇದ್ದಬದ್ದುದೆಲ್ಲ ಚಿಕ್ಕಪ್ಪನ ಪಾಲು. ಮದುವೆ ಸರಿ, ಆದರೆ ಬಾಳಿನುದ್ದಕ್ಕೂ ಇನ್ನೊಬ್ಬಳನ್ನು ಸಹಿಸಿಕೊಳ್ಳುವುದು ಹೇಗೆ? ಅದಕ್ಕೂ ಹೆನ್ರಿ ಮನಸ್ಸಿನಲ್ಲಿಯೇ ಪರಿಹಾರ ಕಂಡುಕೊಳ್ಳುತ್ತಾನೆ. ಕರಾಳ ಹಾಸ್ಯದ ಬೀಜ ಬಿದ್ದುದು ಇಲ್ಲಿ.

ಗಡುವು ಹತ್ತಿರವಾಗುತ್ತಿರುವಾಗ ಚಹಾಕೂಟವೊಂದರಲ್ಲಿ ಆತನ ಕಣ್ಣಿಗೆ ಬೀಳುತ್ತಾಳೆ ಹೆನ್ರಿಯೆಟ್ಟಾ ಲೋವೆಲ್. ಅಪಾರ ಆಸ್ತಿಗೆ ಒಡತಿ, ಸಸ್ಯಶಾಸ್ತ್ರದ ಅಧ್ಯಾಪಕಿ, ಹಿಂದುಮುಂದಿಲ್ಲದ ಒಂಟಿ ಜೀವ. ಕೈಯಲ್ಲಿ ಹಿಡಿದದ್ದು ಕೆಳಗೆ ಬೀಳದೆ ಇರದು. ಬಟ್ಟಲು ಉರುಳಿ ಮನೆಯೊಡತಿಯ ರತ್ನಗಂಬಳಿ ಕಲೆಯಾದಾಗ ಆ ಒಡತಿ ಎಲ್ಲರೆದುರಿಗೆ ಆಕೆಯನ್ನು ಹಂಗಿಸುತ್ತಾಳೆ. ಆಗ ಹೆನ್ರಿ ಎದ್ದುನಿಂತು ತನ್ನ ಪಾನೀಯವನ್ನೂ ಬೇಕೆಂದೇ ಅದೇ ಗಂಬಳಿಯ ಮೇಲೆ ಸುರಿದು ಹೆನ್ರಿಯೆಟ್ಟಾಳ ಮಾನ ಕಾಯುತ್ತಾನೆ. ನೋಡುವವರಿಗೆ ಅದು ವೀರೋಚಿತ ಕಾರ್ಯ. ಅದರ ಹಿಂದಿರುವುದು ಶುದ್ಧ ಲೆಕ್ಕಾಚಾರವೆಂದು ನಮಗೆ ಮಾತ್ರ ಗೊತ್ತು. ಆದರೂ ನಮ್ಮ ಮನಸ್ಸು ಒಂದು ಕ್ಷಣ ಅವನ ಕಡೆ ವಾಲುತ್ತದೆ. ಈ ಚಿತ್ರದ ಜಾಣತನವೆಲ್ಲ ಆ ಒಂದು ಕ್ಷಣದಲ್ಲಿ ಅಡಗಿದೆ. ಕೆಟ್ಟ ಉದ್ದೇಶದಿಂದ ಮಾಡಿದ ಒಳ್ಳೆಯ ಕೆಲಸಕ್ಕೆ ಬೆಲೆಯುಂಟೇ ಎಂಬ ಪ್ರಶ್ನೆಯನ್ನು ನಿರ್ದೇಶಕಿ ನಗೆಯ ಸೆರಗಿನಲ್ಲಿ ಕಟ್ಟಿ ನಮ್ಮ ಕೈಗಿಡುತ್ತಾಳೆ.

ಮದುವೆ ನಡೆಯುತ್ತದೆ. ಮಧುಚಂದ್ರದ ರಾತ್ರಿಯ ದೃಶ್ಯವಂತೂ ಹಾಸ್ಯಚಿತ್ರಗಳ ಇತಿಹಾಸದಲ್ಲಿ ನೆನಪಿಡುವಂತಹದು. ಗ್ರೀಕ್ ಶೈಲಿಯ ನಿಲುವಂಗಿಯನ್ನು ತೊಡಲು ಹೋದ ಹೆನ್ರಿಯೆಟ್ಟಾ ತೋಳಿನ ತೂತಿನೊಳಗೆ ತಲೆ ತೂರಿಸಿಬಿಟ್ಟಿದ್ದಾಳೆ. ಅದನ್ನು ಸರಿಪಡಿಸಲು ಹೆನ್ರಿ ಪಡುವ ಪಾಡು ನಿಮಿಷಗಟ್ಟಲೆ ಸಾಗುತ್ತದೆ. ಕೊಲ್ಲಬೇಕೆಂದು ಕರೆತಂದವಳ ತಲೆಯನ್ನು ಸರಿಯಾದ ತೂತಿನಿಂದ ಹೊರತೆಗೆಯಲು ಆತ ತೋರುವ ತಾಳ್ಮೆ, ಆತನಿಗೇ ತಿಳಿಯದಂತೆ ಮೊಳೆತ ಮೊದಲ ಮಮತೆಯಲ್ಲದೆ ಮತ್ತೇನು? ಅತ್ತ ಅವಳು ಗಿಡಗಳನ್ನು ಅರಸುತ್ತಿದ್ದರೆ ಇತ್ತ ಅವನು ವಿಷಶಾಸ್ತ್ರದ ಗ್ರಂಥವನ್ನು ಓದುತ್ತಿರುತ್ತಾನೆ.

ಊರಿಗೆ ಮರಳಿದ ಮೇಲೆ ಹೆನ್ರಿಗೆ ಇನ್ನೊಂದು ಸಂಗತಿ ಗೋಚರವಾಗುತ್ತದೆ. ಹೆನ್ರಿಯೆಟ್ಟಾಳ ಮನೆ ಕೆಲಸದವರ ಲೂಟಿಯ ತಾಣ. ಅವಳ ವಕೀಲನಿಗೂ ಅದರಲ್ಲಿ ಪಾಲು. ಮುಂದೆ ತನ್ನದಾಗಲಿರುವ ಹಣ ಪೋಲಾಗುವುದನ್ನು ಹೆನ್ರಿ ಸಹಿಸುವನೇ? ಲೆಕ್ಕಪುಸ್ತಕ ಹಿಡಿದು ಕೂರುತ್ತಾನೆ, ಕಳ್ಳರನ್ನೆಲ್ಲ ಹೊರಹಾಕುತ್ತಾನೆ. ಪತ್ನಿ ಕೆಲಸಕ್ಕೆ ಹೊರಡುವಾಗ ಆಕೆಯ ಉಡುಪಿನ ಮೇಲಿನ ರೊಟ್ಟಿಯ ಚೂರು ಕೊಡವಿ, ಕಿತ್ತುಹಾಕಲು ಮರೆತ ಬೆಲೆಚೀಟಿ ಎಲ್ಲಿಯಾದರೂ ತೂಗುತ್ತಿದೆಯೇ ಎಂದು ಪರೀಕ್ಷಿಸಿ ಕಳುಹಿಸುತ್ತಾನೆ. ಜೀವಮಾನದಲ್ಲಿ ಮೊದಲ ಬಾರಿಗೆ ಆತ ಒಂದು ಕೆಲಸಕ್ಕೆ ಬಂದಿದ್ದಾನೆ. ಅದನ್ನು ಸೇವಕ ಹೆರಾಲ್ಡ್ ಗುರುತಿಸುತ್ತಾನೆ, ಯಜಮಾನ ಗುರುತಿಸಲಾರ.

ಹೆನ್ರಿಯೆಟ್ಟಾಳ ಬಾಳಿನ ಒಂದೇ ಹಂಬಲವೆಂದರೆ ಹೊಸ ಸಸ್ಯಪ್ರಭೇದವೊಂದನ್ನು ಕಂಡುಹಿಡಿಯುವುದು. ಮಧುಚಂದ್ರದ ವೇಳೆ ಸಿಕ್ಕಿದ ಜರೀಗಿಡ ನಿಜವಾಗಿಯೂ ಹೊಸದೆಂದು ದೃಢಪಡುತ್ತದೆ. ಹಾಗೆ ಕಂಡುಹಿಡಿದವರಿಗೆ ಹೆಸರಿಡುವ ಹಕ್ಕು. ಆಕೆ ಅದಕ್ಕೆ ತನ್ನ ಹೆಸರನ್ನಿಡದೆ ಗಂಡನ ಹೆಸರನ್ನಿಡುತ್ತಾಳೆ: ಅಲ್ಸೋಫಿಲಾ ಗ್ರಹಾಮಿ. ಯಾವ ಸಾಧನೆಯೂ ಇಲ್ಲದೆ ಸತ್ತುಹೋಗಬೇಕಾಗಿದ್ದ ಮನುಷ್ಯನ ಹೆಸರು ಹೀಗೆ ಶಾಸ್ತ್ರಗ್ರಂಥದಲ್ಲಿ ಶಾಶ್ವತವಾಗುತ್ತದೆ, ಅದೂ ಅವನು ಕೊಲ್ಲಲು ಹೊರಟವಳ ಕೈಯಿಂದ.

ಕೊನೆಯ ಭಾಗದಲ್ಲಿ ದಂಪತಿಗಳು ಅಡಿರಾಂಡಾಕ್ ಬೆಟ್ಟಪ್ರದೇಶಕ್ಕೆ ಗಿಡ ಸಂಗ್ರಹಕ್ಕೆಂದು ಹೋಗುತ್ತಾರೆ. ನದಿಯ ಸೆಳೆತಕ್ಕೆ ದೋಣಿ ಮಗುಚುತ್ತದೆ. ಹೆನ್ರಿಯೆಟ್ಟಾಳಿಗೆ ಈಜು ಬಾರದು. ಹೆನ್ರಿ ಏನನ್ನೂ ಮಾಡಬೇಕಾಗಿಲ್ಲ. ಸುಮ್ಮನೆ ನಡೆದುಹೋದರೆ ಸಾಕು. ನಡೆಯುತ್ತಲೂ ಇದ್ದಾನೆ. ಆಗ ನೀರಿನ ಅಂಚಿನಲ್ಲಿ ಅದೇ ಜರೀಗಿಡ ಅವನ ಕಣ್ಣಿಗೆ ಬೀಳುತ್ತದೆ. ತನ್ನ ಹೆಸರು ಹೊತ್ತ ಗಿಡ. ಗೊಣಗುತ್ತಾ, ಶಪಿಸುತ್ತಾ, ಆತ ನೀರಿಗೆ ಮರಳುತ್ತಾನೆ, ಆಕೆಯ ಕೈಹಿಡಿಯುತ್ತಾನೆ. ಮದುವೆಯ ದಿನ ಹಿಡಿದದ್ದು ಬರಿಯ ಆಸ್ತಿಯನ್ನು. ಕೈ ಹಿಡಿದದ್ದು ಈಗಲೇ.

ಕತ್ತರಿಯ ಕೆಳಗೆ

ತೆರೆಯ ಮೇಲೆ ನಾವು ಕಾಣುವ ಚಿತ್ರ ಇಷ್ಟು. ಆದರೆ ಎಲೇನ್ ಮೇ ಸಿದ್ಧಪಡಿಸಿದ್ದ ಚಿತ್ರ ಇದಲ್ಲ. 1969ರಲ್ಲಿ ನಡೆದ ಚಿತ್ರೀಕರಣ ನಿಗದಿಯಾದ ದಿನಗಳನ್ನು ಮೀರಿ ಬೆಳೆಯಿತು. 18 ಲಕ್ಷ ಡಾಲರ್ ಎಂದು ಅಂದಾಜಿಸಿದ್ದ ವೆಚ್ಚ ಇಮ್ಮಡಿಗಿಂತಲೂ ಹೆಚ್ಚಾಯಿತು. ಸಂಕಲನಕ್ಕೆ ಕುಳಿತ ನಿರ್ದೇಶಕಿ ತಿಂಗಳುಗಟ್ಟಲೆ ಮೇಲೇಳಲಿಲ್ಲ. ಕೊನೆಗೆ ಆಕೆ ತೋರಿಸಿದ್ದು ಸುಮಾರು ಮೂರು ಗಂಟೆಗಳ ಚಿತ್ರ. ಅದರಲ್ಲಿ ಹೆನ್ರಿ ಕೊಲೆಯ ಕನಸು ಕಾಣುವವನಷ್ಟೇ ಅಲ್ಲ, ನಿಜಕ್ಕೂ ಕೊಲೆಗಾರ. ಪತ್ನಿಯ ವಂಚಕ ವಕೀಲನನ್ನೂ, ಹಣಕ್ಕಾಗಿ ಬೆದರಿಸುವ ಇನ್ನೊಬ್ಬನನ್ನೂ ಆತ ವಿಷವಿಟ್ಟು ಮುಗಿಸುತ್ತಾನೆ, ಸಿಕ್ಕಿಬೀಳುವುದೂ ಇಲ್ಲ. ಪ್ಯಾರಾಮೌಂಟ್‌ನ ನಿರ್ಮಾಣ ಮುಖ್ಯಸ್ಥ ರಾಬರ್ಟ್ ಎವನ್ಸ್ ಚಿತ್ರವನ್ನು ತನ್ನ ವಶಕ್ಕೆ ತೆಗೆದುಕೊಂಡು ಆ ಕೊಲೆಗಳನ್ನು ಕತ್ತರಿಸಿ 102 ನಿಮಿಷಗಳಿಗೆ ಇಳಿಸಿದ. ಮೇ ನ್ಯಾಯಾಲಯಕ್ಕೆ ಹೋದಳು. ತೀರ್ಪು ಸಂಸ್ಥೆಯ ಪರವಾಯಿತು. ಚಿತ್ರದ ಮೇಲೆ ಆಕೆಯ ಹೆಸರು ಉಳಿಯಿತು, ಆಕೆಯ ಇಚ್ಛೆಗೆ ವಿರುದ್ಧವಾಗಿ.

ಇಲ್ಲಿ ಹಿಂದಿನ ಸಂಗತಿಯೊಂದನ್ನು ಓದುಗರ ಗಮನಕ್ಕೆ ತರಬೇಕು. 1930ರಲ್ಲಿ ಅಮೆರಿಕದ ಚಿತ್ರೋದ್ಯಮ ಸ್ವೀಕರಿಸಿದ ನೀತಿಸಂಹಿತೆಯನ್ನು ಸಿದ್ಧಪಡಿಸಿದವರು ಯೇಸುಸಭೆಯ ಗುರು ಡೇನಿಯಲ್ ಲಾರ್ಡ್ ಹಾಗೂ ಕಥೋಲಿಕ ಪತ್ರಿಕೋದ್ಯಮಿ ಮಾರ್ಟಿನ್ ಕ್ವಿಗ್ಲಿ. ಅಪರಾಧದ ಕಡೆಗೆ ಪ್ರೇಕ್ಷಕರ ಅನುಕಂಪ ವಾಲದಂತೆ ನೋಡಿಕೊಳ್ಳಬೇಕೆಂಬುದು ಅದರ ಮುಖ್ಯ ತತ್ತ್ವಗಳಲ್ಲೊಂದು. 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದ ಆ ಸಂಹಿತೆ 1968ರಲ್ಲಿ ರದ್ದಾಗಿ, ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವರ್ಗೀಕರಿಸುವ ಪದ್ಧತಿ ಬಂದಿತ್ತು. ಎಂದರೆ ಮೇಯ ಕೊಲೆಗಾರ ನಾಯಕನನ್ನು ತಡೆಯಲು ಯಾವ ನಿಯಮವೂ ಇರಲಿಲ್ಲ. ತಡೆದದ್ದು ಮಾರುಕಟ್ಟೆಯ ಭಯ. ಕತ್ತರಿಸಿದ ಚಿತ್ರಕ್ಕೆ ದೊರೆತದ್ದು ಎಲ್ಲ ವಯಸ್ಸಿನವರೂ ನೋಡಬಹುದೆಂಬ ಪ್ರಮಾಣಪತ್ರ! ಪತ್ನಿಯ ಕೊಲೆಗೆ ಹೊಂಚುಹಾಕುವ ಗಂಡನ ಕಥೆ ಮಕ್ಕಳ ಸಹಿತ ಕುಟುಂಬಕ್ಕೆ ಯೋಗ್ಯವೆನಿಸಿತು.

ಯಾವುದು ಸರಿ? ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. ಕತ್ತರಿಸಿದ ಚಿತ್ರವನ್ನೇ ರಾಜರ್ ಎಬರ್ಟ್, ವಿನ್ಸೆಂಟ್ ಕ್ಯಾನ್‌ಬಿ ಮೊದಲಾದ ವಿಮರ್ಶಕರು ಮೆಚ್ಚಿ ಬರೆದರು. ಅದು ಅಚ್ಚುಕಟ್ಟಾಗಿದೆ, ಹೃದಯಸ್ಪರ್ಶಿಯಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಮೇಯ ಆಕ್ಷೇಪಣೆಯಲ್ಲಿಯೂ ಹುರುಳಿದೆ. ಪಾಪನಿವೇದನೆಯಲ್ಲಿ ನಾವು ಮನಸ್ಸಿನ ಪಾಪವನ್ನೂ ಕೃತ್ಯದ ಪಾಪವನ್ನೂ ಬೇರೆಬೇರೆಯಾಗಿ ಹೆಸರಿಸುತ್ತೇವೆ. ಮನಸ್ಸಿನಲ್ಲಿ ಮಾತ್ರ ಕೊಲೆ ಮಾಡಿದವನು ತಿರುಗಿ ಬರುವುದನ್ನು ಕಂಡು ಸಂತೋಷಪಡುವುದು ಸುಲಭ. ಕೈಗೆ ನಿಜವಾಗಿಯೂ ರಕ್ತ ಅಂಟಿದವನೊಬ್ಬ ಒಬ್ಬಾಕೆಯನ್ನು ಪ್ರೀತಿಸಲು ಕಲಿತರೆ ನಾವು ಅವನನ್ನು ಏನೆಂದು ಕರೆಯುತ್ತೇವೆ? ಅಂತಹವನ ಜೊತೆ ನಮ್ಮ ನಗು ಎಷ್ಟು ದೂರ ಹೋದೀತು? ಮೇ ಕೇಳಬಯಸಿದ್ದು ಈ ಕಠಿಣ ಪ್ರಶ್ನೆಯನ್ನು. ಸಂಸ್ಥೆ ಉಳಿಸಿಕೊಂಡದ್ದು ಅದರ ಮೃದುವಾದ ಅರ್ಧವನ್ನು.

ಹಾಗೆಂದು ಸಂಸ್ಥೆಯನ್ನು ಸಂಪೂರ್ಣವಾಗಿ ದೂಷಿಸುವುದೂ ನ್ಯಾಯವಲ್ಲ. ಹಣ ಹಾಕಿದವರಿಗೂ ಒಂದು ಲೆಕ್ಕವಿರುತ್ತದೆ. ಗಡುವು ಮೀರಿದ್ದು, ವೆಚ್ಚ ಬೆಳೆದದ್ದು ಸುಳ್ಳಲ್ಲ. ಆದರೆ ಬರೆದವಳ, ನಡೆಸಿದವಳ, ನಟಿಸಿದವಳ ಒಪ್ಪಿಗೆಯಿಲ್ಲದೆ ಕೃತಿಯೊಂದರ ಅಂತರಂಗವನ್ನೇ ಬದಲಿಸಿ, ಅದರ ಮೇಲೆ ಆಕೆಯ ಹೆಸರನ್ನೇ ಅಂಟಿಸುವುದು ಸರಿಯೇ? ಚೆನ್ನಾಗಿ ಬಂದಿದೆಯಲ್ಲ ಎಂಬ ಉತ್ತರ ಇದಕ್ಕೆ ಸಾಲದು. ಆ ಮೂರು ಗಂಟೆಗಳ ಚಿತ್ರವನ್ನು ಸಾರ್ವಜನಿಕರು ಇಂದಿಗೂ ಕಂಡಿಲ್ಲ.

ತಡವಾಗಿ ಬಂದ ಮನ್ನಣೆ

ಗಲ್ಲಾಪೆಟ್ಟಿಗೆಯಲ್ಲಿ ಚಿತ್ರ ದೊಡ್ಡ ಯಶಸ್ಸನ್ನು ಕಾಣಲಿಲ್ಲ. ಮೇ ಧೃತಿಗೆಡಲಿಲ್ಲ. 1972ರಲ್ಲಿ 'ದಿ ಹಾರ್ಟ್‌ಬ್ರೇಕ್ ಕಿಡ್' ನಿರ್ದೇಶಿಸಿದಳು. ಅದರಲ್ಲಿ ನಟಿಸಿದ ಆಕೆಯ ಮಗಳು ಜೀನಿ ಬರ್ಲಿನ್ ಆಸ್ಕರ್‌ಗೆ ನಾಮನಿರ್ದೇಶನ ಪಡೆದಳು. ಹದಿಹರೆಯದಲ್ಲಿ ಹೆತ್ತು ಕೈಯಲ್ಲೆತ್ತಿಕೊಂಡಿದ್ದ ಅದೇ ಮಗು! 1976ರ 'ಮೈಕಿ ಅಂಡ್ ನಿಕಿ'ಯ ವೇಳೆ ಸಂಸ್ಥೆಯೊಡನೆ ಮತ್ತೆ ಜಗಳ. 1987ರ 'ಇಷ್ತಾರ್' ಭಾರೀ ನಷ್ಟಕ್ಕೆ ಗುರಿಯಾದ ಮೇಲೆ ಕಥಾಚಿತ್ರವೊಂದನ್ನು ನಿರ್ದೇಶಿಸುವ ಅವಕಾಶ ಆಕೆಗೆ ದೊರಕಲಿಲ್ಲ. ಸೋಲಿನ ಮೇಲೆ ಸೋಲು ಕಂಡರೂ ಮತ್ತೆಮತ್ತೆ ಅವಕಾಶ ಪಡೆದ ಪುರುಷ ನಿರ್ದೇಶಕರ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ತಾರತಮ್ಯ ತಾನಾಗಿ ತಿಳಿಯುತ್ತದೆ.

ಲೇಖನಿಯನ್ನು ಮಾತ್ರ ಯಾರೂ ಕಸಿಯಲಾಗಲಿಲ್ಲ. ಹಳೆಯ ಜೊತೆಗಾರ ನಿಕೋಲ್ಸ್ ನಿರ್ದೇಶಿಸಿದ 'ದಿ ಬರ್ಡ್‌ಕೇಜ್' (1996) ಹಾಗೂ 'ಪ್ರೈಮರಿ ಕಲರ್ಸ್' (1998) ಚಿತ್ರಗಳಿಗೆ ಚಿತ್ರಕಥೆ ಬರೆದವಳು ಆಕೆಯೇ. 2019ರಲ್ಲಿ, 87ರ ವಯಸ್ಸಿನಲ್ಲಿ, ಮರೆವಿನ ಕಾಯಿಲೆಗೆ ಸಿಲುಕಿದ ವೃದ್ಧೆಯೊಬ್ಬಳ ಪಾತ್ರಕ್ಕಾಗಿ ರಂಗಭೂಮಿಯ ಟೋನಿ ಪ್ರಶಸ್ತಿ ಆಕೆಗೆ ಸಂದಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಶಾಶ್ವತವಾಗಿ ಕಾಪಿಡಬೇಕಾದ ಕೃತಿಗಳ ಸಾಲಿಗೆ 'ಎ ನ್ಯೂ ಲೀಫ್' ಸೇರಿತು. 2022ರ ಮಾರ್ಚ್‌ನಲ್ಲಿ ಗೌರವ ಆಸ್ಕರ್ ಕೂಡ ಆಕೆಯ ಕೈಸೇರಿತು. ಯಾವ ಚಿತ್ರದಿಂದ ತನ್ನ ಹೆಸರನ್ನು ಅಳಿಸಿರೆಂದು ಆಕೆ ಬೇಡಿದ್ದಳೋ ಅದೇ ಚಿತ್ರ ಆಕೆಯ ಹೆಸರನ್ನು ಉಳಿಸಿತೆಂಬುದು ಆಕೆಯೇ ಬರೆಯಬಹುದಾಗಿದ್ದ ವ್ಯಂಗ್ಯ.

ಚಿತ್ರದ ಹೆಸರಿಗೆ ಎರಡು ಅರ್ಥ. ಹೊಸ ಎಲೆ ಎಂಬುದು ಹೆನ್ರಿಯೆಟ್ಟಾಳ ಗಿಡಕ್ಕೂ ಹೌದು. ಹಳೆಯ ಬಾಳನ್ನು ಮಗುಚಿ ಹೊಸ ಪುಟ ತೆರೆಯುವುದಕ್ಕೂ ಹೌದು. ಹೆನ್ರಿ ಬದಲಾದದ್ದು ಉಪದೇಶ ಕೇಳಿ ಅಲ್ಲ. ದಿನವೂ ಒಬ್ಬಾಕೆಯ ಉಡುಪಿನ ಮೇಲಿನ ಚೂರುಗಳನ್ನು ಕೊಡವುತ್ತಾ, ಆಕೆಯ ಮನೆಯ ಲೆಕ್ಕ ನೋಡುತ್ತಾ, ಗೊಣಗುತ್ತಲೇ ಆಕೆಗೆ ಒದಗುತ್ತಾ ಬಂದದ್ದರಿಂದ. ಪ್ರೀತಿ ಮೊದಲು, ಸೇವೆ ಆಮೇಲೆ ಎಂದು ನಾವು ತಿಳಿದಿರುತ್ತೇವೆ. ಕೆಲವೊಮ್ಮೆ ಸೇವೆಯೇ ಮುಂದೆ ಬಂದು, ಪ್ರೀತಿ ಹಿಂದಿನಿಂದ ಓಡಿಬಂದು ಅದನ್ನು ಕೂಡಿಕೊಳ್ಳುತ್ತದೆ. ಬಹುಕಾಲ ಬಾಳಿದ ದಂಪತಿಗಳಿಗೆ ಇದು ತಿಳಿದ ಮಾತೇ. ಎರಡು ಮೂರು ಮಕ್ಕಳಾಗಿ, ಕೂದಲು ನೆರೆತ ಮೇಲೆ, ಇವನನ್ನು ಅಥವಾ ಇವಳನ್ನು ಹೇಗಪ್ಪಾ ಸಹಿಸಲಿ ಎಂದು ಒಮ್ಮೆಯಾದರೂ ಅಂದುಕೊಳ್ಳದವರು ಯಾರಿದ್ದಾರೆ? ಅಂತಹ ಸಂಜೆಯಲ್ಲಿ ಗಂಡಹೆಂಡಿರು ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರವಿದು. ನಗು ಮುಗಿದ ಮೇಲೆ, ಪಕ್ಕದಲ್ಲಿ ಕುಳಿತವರ ಕೈಯನ್ನು ತಾವು ಕೊನೆಯ ಬಾರಿಗೆ ಹಿಡಿದದ್ದು ಯಾವಾಗ ಎಂದು ಅವರವರೇ ಲೆಕ್ಕ ಹಾಕಿಕೊಳ್ಳಬಹುದು.